ಖಾರವೊಂದೇ ಉಳಿದಿತ್ತು

ನಮ್ಮ ಮನೆಯವರಿಗೆ ವಾಸನೆ ಹೋದದ್ದು ಕೋವಿಡ್ ಜ್ವರದಲ್ಲಿ. ನನಗೂ ಹೋಗಿತ್ತು. ನನ್ನದು ಜ್ವರ ಬಿಟ್ಟ ಕೆಲವು ವಾರಗಳಲ್ಲೇ ಮರಳಿ ಬಂತು. ಒಂದು ಬೆಳಗ್ಗೆ ಕಾಫಿ ಸೋಸುವಾಗ ಡಿಕಾಕ್ಷನ್ ಘಮ ಮೂಗಿಗೆ ಬಡಿದು, ಅಲ್ಲೇ ನಿಂತು ಅತ್ತುಬಿಟ್ಟಿದ್ದೆ. ಅವರದು ಬರಲಿಲ್ಲ. ಜೀವ ಉಳಿದಿದೆಯಲ್ಲ, ಮೂಗು ಯಾವ ಲೆಕ್ಕ ಎಂದು ಮೊದಮೊದಲು ಇಬ್ಬರೂ ಸಮಾಧಾನ ಮಾಡಿಕೊಂಡೆವು.

ಆದರೆ ಅವರು ಊಟದ ಮನುಷ್ಯ. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಮೆಷಿನ್ ರಿಪೇರಿಯ ಕೆಲಸ. ಶಿಫ್ಟ್ ಮುಗಿಸಿ ಗೇಟು ತೆಗೆಯುವಾಗಲೇ ಒಲೆಯ ಮೇಲೆ ಏನಿದೆಯೆಂದು ಹೇಳುತ್ತಿದ್ದವರು. ಆ ವರ್ಷ ಅವರೆಕಾಯಿ ಬಂದಾಗ ನಾನು ಆಸೆಯಿಂದ ಸಾರು ಮಾಡಿ ಮುದ್ದೆ ಇಟ್ಟೆ. ತಟ್ಟೆ ಮುಂದೆ ಕೂತು ಕೇಳಿದರು:

"ಸೊಗಡು ಇದ್ಯಾ?"

"ಇದೆ. ಚೆನ್ನಾಗಿದೆ."

ಒಂದು ತುತ್ತು ನುಂಗಿದರು. "ಬಿಸಿ ಇದೆ. ಉಪ್ಪಿದೆ. ಅಷ್ಟೇ ಕಣೇ ಗೊತ್ತಾಗೋದು" ಎಂದರು.

ಅಲ್ಲಿಂದ ಊಟ ಇಳಿಯುತ್ತಾ ಬಂತು. ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟರು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಣ ಎಂದರೆ, "ಹತ್ತಿ ಅಗಿದಂಗಿರುತ್ತೆ, ನೀನು ತಿನ್ನು" ಎಂದು ಬೈಕ್ ಮೇಲೇ ಕೂರುತ್ತಿದ್ದರು. ಡಾಕ್ಟರು ನರದ ತೊಂದರೆ ಎಂದರು, ಬಂದರೆ ಬರಬಹುದು ಎಂದರು. ಲವಂಗ, ನಿಂಬೆಹಣ್ಣು ದಿನಾ ಮೂಸಿ ನೋಡಲು ಹೇಳಿದರು. ಕೆಲವು ತಿಂಗಳು ಮೂಸಿದರು. ಆಮೇಲೆ ಲವಂಗದ ಬಟ್ಟಲನ್ನು ಅವರೇ ಅಡುಗೆಮನೆಗೆ ವಾಪಸ್ ತಂದಿಟ್ಟರು.

ಕುಣಿಗಲ್‌ನಲ್ಲಿ ನನ್ನ ತವರು. ಒಮ್ಮೆ ಅಲ್ಲಿಗೆ ಹೋಗಿದ್ದಾಗ ನಮ್ಮಮ್ಮ ಸಾರಿನ ಪುಡಿಗೆ ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಘಾಟು ಹಜಾರಕ್ಕೆ ನುಗ್ಗಿತು. ನಾನು ಕೆಮ್ಮಿದೆ, ಅಮ್ಮ ಕೆಮ್ಮಿದರು, ಅವರೂ ಕೆಮ್ಮಿದರು. ಕಣ್ಣು ಮೂಗು ಒರೆಸಿಕೊಳ್ಳುತ್ತಾ ನಗುತ್ತಿದ್ದರು.

"ವಾಸನೆ ಬಂತೇನ್ರೀ?" ಎಂದೆ ಓಡಿ ಬಂದು.

"ಇಲ್ಲ. ಗಂಟಲಿಗೆ ಗೊತ್ತಾಯ್ತು."

ಅವತ್ತು ಉಪ್ಸಾರಿಗೆಂದು ಅರೆದ ಖಾರವನ್ನು ಮುದ್ದೆಗೆ ಹಚ್ಚಿಕೊಂಡು ಬೆವರು ಸುರಿಸುತ್ತಾ ಉಂಡರು. ಎಷ್ಟೋ ದಿನಗಳ ಮೇಲೆ ಎರಡನೇ ಸಲ ಬಡಿಸಿಕೊಂಡಿದ್ದರು. ವಾಸನೆ, ರುಚಿ ಹೋದರೂ ಖಾರದ ಉರಿ ಮಾತ್ರ ನಾಲಿಗೆಗೆ ತಾಗುತ್ತದೆಂದು ನನಗೆ ತಿಳಿದದ್ದು ಆಗ.

ತುಮಕೂರಿಗೆ ಬಂದವಳೇ ಮೆಣಸಿನಕಾಯಿ ಬೆಳೆಯಲು ಹೊರಟೆ. ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವ ನನಗೆ ಮಣ್ಣಿನ ಅಭ್ಯಾಸ ಅಷ್ಟಕ್ಕಷ್ಟೇ. ಪೇಟೆಯ ಹಸಿ ಕಾಯಿ ಸೀಳಿ ಬಿತ್ತಿದ ಬೀಜ ಒಂದೂ ಹುಟ್ಟಲಿಲ್ಲ. ಗಿಡದಲ್ಲೇ ಹಣ್ಣಾದ ಕಾಯಿಯ ಬೀಜವೇ ಬೇಕೆಂದು ಆಮೇಲೆ ಗೊತ್ತಾಯಿತು. ಅಡುಗೆಮನೆ ಡಬ್ಬದ ಬ್ಯಾಡಗಿ, ಗುಂಟೂರು ಕಾಯಿಗಳ ಬೀಜ ಉದುರಿಸಿ ನೆನೆಸಿದೆ. ಗುಬ್ಬಿಯಲ್ಲಿರುವ ಅವರಕ್ಕ ಹಿತ್ತಿಲಿನ ಸೂಜಿಮೆಣಸಿನ ಹಣ್ಣುಗಳನ್ನು ಪೇಪರಿನಲ್ಲಿ ಕಟ್ಟಿ ಕೊಟ್ಟರು. ಫೋನಿನಲ್ಲಿ ನೋಡಿ ಅಸ್ಸಾಂ ಕಡೆಯ ಭೂತ್ ಜೊಲೋಕಿಯಾ, ನೇರಳೆ ಬಣ್ಣದ್ದೊಂದು, ಗೊಂಚಲು ಗೊಂಚಲಾಗಿ ಮೇಲಕ್ಕೆ ನಿಲ್ಲುವುದೊಂದು ತರಿಸಿದೆ. ತೆಂಗಿನ ನಾರಿನ ಪುಡಿಯನ್ನು ಉಪ್ಪು ಹೋಗುವಷ್ಟು ತೊಳೆದು ಟ್ರೇಗೆ ತುಂಬಿ ಬಿತ್ತಿದೆ. ಗುಂಟೂರು ಬೇಗ ತಲೆ ಎತ್ತಿತು. ಅಸ್ಸಾಮಿನದು ಎಷ್ಟು ಕಾಯಿಸಿತೆಂದರೆ, ಆ ಟ್ರೇಯನ್ನು ಚೆಲ್ಲಲು ಎತ್ತಿಕೊಂಡಾಗ ಅಂಚಿನಲ್ಲೊಂದು ಮೊಳಕೆ ಬಗ್ಗಿ ನಿಂತಿತ್ತು.

ಸಸಿಗಳು ಹಳೇ ಪೇಂಟ್ ಬಕೆಟ್‌ಗಳಿಗೆ ಹೋದ ಮೇಲೆ ಅವರೂ ತಾರಸಿ ಹತ್ತತೊಡಗಿದರು. ಎಲೆ ಮುದುಡಿದರೆ ತಿರುವಿ ಹುಳು ಹುಡುಕುವುದು, ಬೇವಿನೆಣ್ಣೆ ಹೊಡೆಯುವುದು, ಬೇಸಿಗೆಗೆ ಹಸಿರು ಬಲೆ ಕಟ್ಟುವುದು ಎಲ್ಲ ಅವರದೇ ಆಯಿತು. ಕಾಯಿ ಬಂದಾಗ ಒಂದೊಂದೇ ಕಚ್ಚಿ ನೋಡಿ ನನಗೆ ವಿವರಿಸುತ್ತಿದ್ದರು.

"ಗುಂಟೂರಿಂದು ನಾಲ್ಗೆ ತುದಿಗೇ ಹೊಡಿಯುತ್ತೆ ಕಣೇ. ಅಕ್ಕನ ಮನೇದು ಸೀದಾ ನೆತ್ತಿಗೆ. ಈ ಅಸ್ಸಾಂದು ಇದೆಯಲ್ಲ, ಮೊದ್ಲು ಏನೂ ಇಲ್ಲ ಅನ್ಸುತ್ತೆ, ಆಮೇಲೆ ಗಂಟಲಲ್ಲಿ ಬಂದು ಕೂತ್ಕೊಳ್ಳುತ್ತೆ."

ಬ್ಯಾಡಗಿಯನ್ನು ಮಾತ್ರ ಕಚ್ಚಿ ಪಕ್ಕಕ್ಕಿಡುತ್ತಿದ್ದರು. ಬಣ್ಣ, ಘಮ ಬಿಟ್ಟರೆ ಅದರಲ್ಲಿ ಖಾರವೆಲ್ಲಿ? ಆ ಗಿಡಕ್ಕೆ ನೀರು ಹಾಕುವಾಗ ನನಗೆ ಸಂಕಟವಾಗುತ್ತಿತ್ತು.

ಒಂದು ಸಂಜೆ ಕೆಲಸದಿಂದ ಬರುತ್ತಾ ಬಾಗಿಲಲ್ಲೇ ಗ್ಯಾಸ್ ವಾಸನೆ ಹೊಡೆಯಿತು. ಒಳಗೆ ಅವರು ಸೋಫಾದಲ್ಲಿ ಕೂತು ಟಿವಿ ನೋಡುತ್ತಿದ್ದರು. ಹಾಲು ಉಕ್ಕಿ ಒಲೆ ಆರಿತ್ತು, ಗ್ಯಾಸ್ ಸೋರುತ್ತಲೇ ಇತ್ತು. ನಾನು ಚಪ್ಪಲಿಯಲ್ಲೇ ಓಡಿ ಸಿಲಿಂಡರ್ ಬಂದ್ ಮಾಡಿ ಕಿಟಕಿಗಳನ್ನು ತೆಗೆದೆ. ಅವರು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು.

"ನಂಗೆ ಗೊತ್ತೇ ಆಗ್ಲಿಲ್ಲ" ಎಂದರು.

ಅಂದಿನಿಂದ ನನಗೆ ಅವರನ್ನು ಒಬ್ಬರನ್ನೇ ಬಿಟ್ಟು ಹೋಗಲು ಭಯ. ಲೈಬ್ರರಿಯಿಂದ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದೆ. "ಒಲೆ ಹಚ್ಚಿಲ್ಲ ತಾಯಿ, ಬದುಕಿದೀನಿ" ಎಂದು ಇಟ್ಟುಬಿಡುತ್ತಿದ್ದರು. ಮಾತು ಕಡಿಮೆಯಾಯಿತು, ಖಾರ ಜಾಸ್ತಿಯಾಯಿತು. ಮಜ್ಜಿಗೆಗೂ ಸೂಜಿಮೆಣಸು ಕಿವುಚುತ್ತಿದ್ದರು. ಕಡಿಮೆ ಮಾಡಿ ಎಂದರೆ, "ನೀನೇ ಬೆಳೆದಿದ್ದಲ್ವಾ" ಎನ್ನುತ್ತಿದ್ದರು.

ಹೊಟ್ಟೆ ಉರಿಯುವುದನ್ನೂ ಮಲ ಕಪ್ಪಗೆ ಹೋಗುವುದನ್ನೂ ಅವರು ನನಗೆ ಹೇಳಿರಲಿಲ್ಲ. ಒಂದು ಭಾನುವಾರ ನೀರು ಹಾಕಿ ಇಳಿಯುವಾಗ ತಲೆ ಸುತ್ತಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮುಖ ಬೆಳ್ಳಗಾಗಿತ್ತು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಹೋಗುತ್ತಿದೆ ಎಂದರು. ಬೆನ್ನುನೋವಿಗೆಂದು ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗುತ್ತಿದ್ದ ವಿಷಯವೂ ಆಗಲೇ ಹೊರಬಂತು. "ಮಾತ್ರೆಯಿಂದ ಆಗಿರಬಹುದು, ಖಾರ ಅದನ್ನ ಜಾಸ್ತಿ ಮಾಡಿರಬಹುದು. ಎರಡೂ ಬಿಡಿ" ಎಂದರು ಡಾಕ್ಟರು.

ಗುಬ್ಬಿಯಿಂದ ಅಕ್ಕ ಬಂದರು. ತಮ್ಮನ ಕೈಗೆ ಚುಚ್ಚಿದ್ದ ಸೂಜಿ ನೋಡಿದರು, ನನ್ನನ್ನು ನೋಡಿದರು.

"ನಾನು ಬೀಜ ಕೊಟ್ಟಿದ್ದು ಚಟ್ನಿಗೆ ಕಣಮ್ಮಾ. ನನ್ನ ತಮ್ಮನ ಹೊಟ್ಟೆ ಸುಡಕ್ಕಲ್ಲ."

"ಸುಮ್ನಿರಕ್ಕ. ತಿಂದಿದ್ದು ನಾನು. ಅವಳೇನ್ ಮಾಡ್ತಾಳೆ?" ಎಂದರು ಅವರು ಮಲಗಿದ್ದಲ್ಲಿಂದ.

"ನೀನು ಸುಮ್ಕಿರು" ಎಂದ ಅಕ್ಕ, ನಾನು ಕೊಟ್ಟ ಕಾಫಿಯನ್ನು ಕುಡಿಯದೆ ಹೊರಟರು. ಮಾತ್ರೆಯ ವಿಷಯ ಹೇಳಬಹುದಿತ್ತು. ಅಕ್ಕ ಹೇಳಿದ್ದರಲ್ಲಿ ಅರ್ಧವನ್ನು ನಾನೇ ನಂಬಿದ್ದೆ.

ಮನೆಗೆ ಬಂದ ಮೇಲೆ ಗಿಡಗಳನ್ನೆಲ್ಲ ಕೀಳಲು ಹೊರಟೆ. ಅವರು ಏದುಸಿರು ಬಿಡುತ್ತಾ ಹಿಂದೆಯೇ ಹತ್ತಿ ಬಂದರು.

"ಕೀಳ್ಬೇಡ."

"ತಿನ್ನೋ ಹಾಗಿಲ್ಲ. ಇಟ್ಕೊಂಡು ಏನ್ ಮಾಡ್ತೀರಿ?"

"ನೋಡ್ಕೊಂಡಿರ್ತೀನಿ."

ಕೀಳಲಿಲ್ಲ. ಮಾಗಿದ ಕಾಯಿಗಳನ್ನು ಅಕ್ಕಪಕ್ಕದವರಿಗೆ ಹಂಚಿದೆ. ಅವರು ಗಂಜಿ, ಮೊಸರನ್ನ, ಬೇಯಿಸಿದ ಸೋರೆಕಾಯಿಯನ್ನು ಒಂದು ಮಾತೂ ಆಡದೆ ತಿನ್ನುತ್ತಿದ್ದರು. ಹುಣ್ಣು ಮಾಯಿತು. ಕೆಲಸಕ್ಕೂ ಹೋಗತೊಡಗಿದರು.

ಒಂದು ದಿನ ಬಟ್ಟೆ ಒಣಹಾಕಲು ತಾರಸಿಗೆ ಹೋದೆ. ಅವರು ನೀರು ಹೋಗುವ ಕೊಳವೆಯ ಹತ್ತಿರ ನನಗೆ ಬೆನ್ನು ಮಾಡಿ ಕೂತು ಉಗುಳುತ್ತಿದ್ದರು. ರಕ್ತವೇ ಅಂದುಕೊಂಡು ಬಕೆಟ್ ಎತ್ತಿಹಾಕಿ ಓಡಿದೆ. ಕೈಯಲ್ಲಿ ಕಚ್ಚಿದ ಸೂಜಿಮೆಣಸಿತ್ತು.

"ನುಂಗಲ್ಲ ಕಣೇ. ನಾಲ್ಗೆ ಮೇಲೆ ಇಟ್ಕೊಂಡು ಉಗಿದು ಬಾಯಿ ತೊಳ್ಕೊಳ್ತೀನಿ, ಅಷ್ಟೇ."

"ಡಾಕ್ಟ್ರು ಹೇಳಿದ್ದೇನು? ಮತ್ತೆ ಆಸ್ಪತ್ರೆಗೆ ಹೋಗ್ಬೇಕಾ ನಾವು?" ಎಂದು ಕೂಗಾಡಿದೆ. ಪಕ್ಕದ ತಾರಸಿಯವರು ತಿರುಗಿ ನೋಡಿದರು.

ಅವರು ಬಾಯಿ ಮುಕ್ಕಳಿಸಿ ಮೆಲ್ಲಗೆ ಹೇಳಿದರು: "ಬಾಯಲ್ಲಿ ಏನೋ ಇದೆ ಅಂತ ಯಾವಾಗ್ಲಾದ್ರೂ ಒಂದ್ಸಲ ಗೊತ್ತಾಗ್ಬೇಕು ಕಣೇ. ಇಲ್ದಿದ್ರೆ ನಾನು ಇದೀನಿ ಅಂತಾನೇ ಅನ್ಸಲ್ಲ."

ಬಿದ್ದ ಬಟ್ಟೆಗಳನ್ನು ಎತ್ತಿಕೊಂಡು ಮತ್ತೆ ಹಿಂಡಲು ಕೆಳಗೆ ಹೋದೆ.

ಇದನ್ನು ಡಾಕ್ಟರಿಗೆ ನಾನು ಹೇಳಿಲ್ಲ. ಅಕ್ಕನಿಗಂತೂ ಹೇಳುವ ಮಾತೇ ಇಲ್ಲ. ಅವರು ಈಗ ಫೋನ್ ಮಾಡಿದರೆ ತಮ್ಮನ ಹತ್ತಿರ ಮಾತ್ರ ಮಾತಾಡುತ್ತಾರೆ. ವಾಸನೆ ಇನ್ನೂ ಬಂದಿಲ್ಲ. ಬರುತ್ತದೆಂದು ನಾವಿಬ್ಬರೂ ಹೇಳಿಕೊಳ್ಳುವುದನ್ನು ಬಿಟ್ಟಿದ್ದೇವೆ. ಈ ವರ್ಷ ಬಿತ್ತುವುದೇ ಬೇಡವೆಂದಿದ್ದೆ. ಅವರೇ ಟ್ರೇ ತೊಳೆದು ತಂದು ನನ್ನ ಮುಂದಿಟ್ಟರು. ಕಡಿಮೆ ಬಿತ್ತಿದೆ. ಸಸಿಗಳು ಎದ್ದಿವೆ. ಹಳೆಯ ಸೂಜಿಮೆಣಸಿನ ಗಿಡವಂತೂ ಸದಾ ಕಾಯಿ ಬಿಡುತ್ತಲೇ ಇದೆ. ಅವರು ತಾರಸಿಯಿಂದ ಇಳಿದು ಬಂದಾಗ ಮುಖ ನೋಡುತ್ತೇನೆ. ಹಣೆಯಲ್ಲಿ ಬೆವರಿರುತ್ತದೆ. ನುಂಗಿದರೋ ಉಗಿದರೋ ತಿಳಿಯುವುದಿಲ್ಲ. ನಾನು ಕೇಳುವುದಿಲ್ಲ; ಮೊಸರನ್ನ ಕಲಸಿ ತಟ್ಟೆ ಮುಂದಿಡುತ್ತೇನೆ.