ಮೊದಲು ಕೆಟ್ಟದ್ದು ಕೇಳ್ಬಿಡಿ

ಕೆ.ಆರ್. ಪುರದಲ್ಲಿ ನನ್ನ ಟೈರ್ ಅಂಗಡಿಯ ಪಕ್ಕದ ಖಾಲಿ ಸೈಟಿನಲ್ಲಿ ಒಬ್ಬರು ಹಳೆಯ ಟ್ರ್ಯಾಕ್ಟರುಗಳನ್ನು ಮಾರುತ್ತಿದ್ದರು. ಬಂದವರನ್ನು ಕೂರಿಸಿ, ಟೀ ತರಿಸಿ, ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಶುರು ಮಾಡುತ್ತಿದ್ದರು: "ಮೊದಲು ಕೆಟ್ಟದ್ದು ಕೇಳ್ಬಿಡಿ ಸಾರ್." ಕ್ಲಚ್ ಗಟ್ಟಿ, ಸೀಟು ಹರಿದಿದೆ, ಹಾರ್ನ್ ಸತ್ತಿದೆ, ಬೇಕಾದರೆ ಒತ್ತಿ ನೋಡಿ. ಎಲ್ಲವನ್ನೂ ಮನೆಮಗುವಿನ ತುಂಟಾಟದಂತೆ ಬಣ್ಣಿಸುತ್ತಿದ್ದರು. ನಲವತ್ತೈದು ಎಚ್‌ಪಿ ಎಂಜಿನ್, ಪವರ್ ಸ್ಟೀರಿಂಗ್, ಮಣ್ಣು ಹದಮಾಡುವ ರೋಟವೇಟರನ್ನು ಹೂವಿನಂತೆ ಎತ್ತುವ ಹೈಡ್ರಾಲಿಕ್ಸ್, ಇಂಥ ಒಳ್ಳೆಯ ಸುದ್ದಿಗೆ ಬರುವಷ್ಟರಲ್ಲಿ ಗಿರಾಕಿ ಟೀ ಮುಗಿಸಿ ಎದ್ದಿರುತ್ತಿದ್ದ.

ಹೀಗಾಗಿ ಒಂದು ಕೆಂಪು ಟ್ರ್ಯಾಕ್ಟರ್ ಎರಡು ಮಳೆಗಾಲ ಅಲ್ಲೇ ನಿಂತಿತ್ತು. "ಒಳ್ಳೇದನ್ನ ಮೊದಲು ಹೇಳ್ರೀ" ಎಂದು ನಾನು ರೇಗಿದರೆ, "ಒಳ್ಳೇದು ಎಲ್ಲೋಗುತ್ತೆ? ಗಾಡಿ ಜೊತೇಲೇ ಇರುತ್ತಲ್ಲ" ಎಂದು ನಗುತ್ತಿದ್ದರು.

ಒಂದು ಬೆಳಿಗ್ಗೆ ಹೊಸಕೋಟೆ ಕಡೆಯ ಹೆಂಗಸೊಬ್ಬರು ಬಂದರು. ದೂರುಗಳನ್ನೆಲ್ಲ ಕೇಳಿ, "ಇಷ್ಟೇನಾ? ನಮ್ಮನೇದು ಇದಕ್ಕಿಂತ ಹಠಮಾರಿ ಕಣಣ್ಣ" ಎಂದು ಸೆರಗು ಸಿಕ್ಕಿಸಿ ಸೀಟು ಏರಿದರು. ಸೈಟನ್ನು ಒಂದು ಸುತ್ತು ಹಾಕಿ, ಗುಂಡಿಗೆ ಇಳಿಸಿ ಹತ್ತಿಸಿ, ಅಲ್ಲೇ ವ್ಯಾಪಾರ ಮುಗಿಸಿದರು. ಪೂಜೆಯಾಗಿ, ಚಕ್ರದಡಿಯ ನಿಂಬೆಹಣ್ಣುಗಳು ಚಪ್ಪಟೆಯಾದವು.

ಗೇಟಿನ ಬಳಿ ಆಟೋವೊಂದು ಅಡ್ಡ ಬಂತು. ಆಕೆ ಹಾರ್ನಿಗೆ ಅಂಗೈಯಿಂದ ಒಂದು ಗುದ್ದು ಕೊಟ್ಟರು. ಬೀದಿಯೇ ಬೆಚ್ಚುವಂತೆ ಅದು ಕೂಗಿತು.

ಗಾಡಿ ಮಾರಿದವರು ಒಂದು ಕ್ಷಣ ಬಾಯಿ ಬಿಟ್ಟು ನಿಂತರು. ಆಮೇಲೆ ಎರಡೂ ಕೈ ಎತ್ತಿಕೊಂಡು, ನಗುತ್ತ, ಟ್ರ್ಯಾಕ್ಟರಿನ ಹಿಂದೆ ಓಡಿದರು: "ಅಕ್ಕಾ, ನಿಲ್ಸಿ! ನಾನು ಸುಳ್ಳು ಹೇಳ್ಬಿಟ್ಟಿದ್ದೀನಿ!"