ಎಚ್ ಅಂದರೆ ಹಿರೇಹಳ್ಳಿ

"ಸರ್‌ನೇಮ್ ಕೆ ಬಿನಾ ಫಾರ್ಮ್ ನಹೀಂ ಚಲೇಗಾ, ಸಾಹೇಬ್." ನಾನು ಖಾಲಿ ಬಿಟ್ಟಿದ್ದ ಕಾಲಂ ತೋರಿಸಿ, ವಡೋದರಾದ ಶಾಲೆಯ ಗುಮಾಸ್ತರು ಮಗಳ ಪ್ರವೇಶದ ಅರ್ಜಿಯನ್ನು ಹಿಂದಕ್ಕೆ ತಳ್ಳಿದರು. ಸೀಟು ಹೋಯಿತೆಂದುಕೊಂಡೆ. ನಮಗೆ ಮನೆತನದ ಹೆಸರಿಲ್ಲ. ಇರುವುದು 'ಸುಮಾ ಎಚ್.' ಎಂಬಲ್ಲಿನ ಆ ಒಂದಕ್ಷರ. ಸುಮ್ಮನೆ 'ರಾವ್' ಎಂದು ಗೀಚಿಬಿಡಲು ಪೆನ್ನು ತೆಗೆದೆ.

"ಎಚ್ ಅಂದರೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದವರು ಐರ್ಲೆಂಡಿನ ವೃದ್ಧ ಸಿಸ್ಟರ್, ಅಲ್ಲಿನ ಮುಖ್ಯೋಪಾಧ್ಯಾಯಿನಿ. ನಮ್ಮೂರು ಹಿರೇಹಳ್ಳಿ ಎಂದೆ, ತಪ್ಪೊಪ್ಪಿಕೊಳ್ಳುವವನಂತೆ.

"ಅದನ್ನೇ ಬರೆಯಿರಿ. ನಮ್ಮ ಮನ್‌ಸ್ಟರ್ ಪ್ರಾಂತ್ಯದಲ್ಲಿ ಮೆಕಾರ್ತಿ ಎಂದರೆ ಕಾರ್ಕ್ ಕೌಂಟಿಯವರು, ಓಬ್ರಿಯನ್ ಎಂದರೆ ಕ್ಲೇರ್‌ನವರು. ನಾನು ಕ್ಲೇರ್ ಬಿಟ್ಟು ನಲವತ್ತು ವರ್ಷವಾಯಿತು, ಓಬ್ರಿಯನ್ ಬಿಟ್ಟಿಲ್ಲ."

'ಹಿರೇಹಳ್ಳಿ' ಎಂದು ಪೂರ್ತಿ ಬರೆದೆ. ಪಕ್ಕದಲ್ಲಿದ್ದ ಸುಮಾ ಇಣುಕಿ, "ಪಪ್ಪಾ, ಯೇ ಕಹಾಂ ಹೈ?" ಎಂದು ಅದೆಲ್ಲಿದೆಯೆಂದು ಕೇಳಿದಳು.

ಸೀಟು ಸಿಕ್ಕಿತು. ಅವಳು ನೋಡದ ಊರನ್ನು ಅವಳ ಹೆಸರಿಗೆ ಅಂಟಿಸಿದ ಮೇಲೆ ತೋರಿಸದೆ ಇರಲಾದೀತೇ? ಬೇಸಿಗೆ ರಜೆಗೆ ರೈಲಿನ ಟಿಕೆಟ್ ತೆಗೆಸಿದ್ದೇನೆ. ವೇಟಿಂಗ್ ಲಿಸ್ಟಿನಲ್ಲಿದೆ, ಈಗ ನನಗೆ ಅದರ ಚಿಂತೆ. ಆದರೂ ನಿಂತುಕೊಂಡಾದರೂ ಹೋಗುತ್ತೇವೆ.