ಎಡ ಮೊಣಕಾಲಿಗೆ ಬಡಿದದ್ದು

ಸತ್ತವರು ತಿರುಗಿ ಬರ್ತಾರ ಅಂತ ಯಾರರ ಅಂದ್ರ ನನಗ ಸಿಟ್ಟು ನೆತ್ತಿಗೇರತಿತ್ತು. ಅಂಥವರನ್ನ ಎದುರಿಗೇ ಹುಚ್ಚರಂತ ಬೈದು ಕಳಸ್ತಿದ್ದೆ. ಈಗೂ ದೆವ್ವ ಐತಿ ಅಂತ ನಾ ಹೇಳಂಗಿಲ್ಲ. ಆದದ್ದನ್ನ ಆದಂಗ ಹೇಳ್ತೀನಿ, ನೀವು ಏನರ ತಿಳ್ಕೊಳ್ರಿ.

ಅದು ನಿಜಾಮನ ಕಾಲ. ಯಲಬುರ್ಗಿ ಕಡೆಯ ಒಬ್ಬ ಜಾಗೀರದಾರರ ಕುದುರಿ ದಂಡಿನಾಗ ನಾ ಸವಾರ ಇದ್ದೆ. ದಿನಾ ಮುಂಜಾನೆ ಬೇವೂರಿನ ಹೊರಗಿನ ಬಯಲಾಗ ಕವಾಯತು. ಎಂಟು ಕುದುರಿ ಒಂದು ಸಾಲು, ಬಾಜೂದವನ ಮೊಣಕಾಲಿಗೆ ನಮ್ಮ ಮೊಣಕಾಲು ತಾಕಿರಬೇಕು. ಸಾಲು ಬಲಕ್ಕ ತಿರುಗುವಾಗ ಬಲತುದಿಯ ಕುದುರಿ ನಿಂತಲ್ಲೇ ಹೊರಳತೈತಿ, ಎಡತುದಿಯದು ದೊಡ್ಡ ಸುತ್ತು ಓಡತೈತಿ. ಅದಕ್ಕ ಎಲ್ಲಾರೂ ಎಡತುದಿಯವನನ್ನ ನೋಡಿಕೊಂಡು ಓಟ ಹೆಚ್ಚುಕಡಿಮಿ ಮಾಡಬೇಕು. ಆ ತುದಿಗೆ ನನ್ನ ಗೆಳೆಯ ಬಸಪ್ಪ, ಅವನ ಬಲಕ್ಕ ನಾನು. ನಾ ಜೋರು ಹೋದ್ರ ಅವ ಮೊಣಕಾಲಿಲೆ ನನ್ನ ಮೊಣಕಾಲಿಗೆ ಎರಡು ಸಲ ಬಡೀತಿದ್ದ. ತಡಿ ಅಂತ ಅದರ ಅರ್ಥ. ನಮ್ಮಿಬ್ಬರನ್ನ ಬಿಟ್ರ ಅದು ಯಾರಿಗೂ ಗೊತ್ತಿರಲಿಲ್ಲ.

ಒಂದಿನ ಕವಾಯತು ಮಾಡಸೋ ನಮ್ಮ ಜಮಾದಾರ ಬಯಲಿನ ಅಂಚಿನ ಬಂಡೆಗಲ್ಲಿನ ಹತ್ರನ ಸಾಲು ತಿರುಗಿಸ್ರಿ ಅಂತ ಹುಕುಂ ಕೊಟ್ಟ. ಅಲ್ಲಿ ಎಡತುದಿಗೆ ಜಾಗ ಸಾಲಂಗಿಲ್ಲ ಅನ್ನೋದು ಕುರುಡನಿಗೂ ಗೊತ್ತಾಗತಿತ್ತು. ಬಸಪ್ಪ ಎರಡು ಸಲ ಬಡಿದ. ನಾ ಜಮಾದಾರನ ಒದರಾಟಕ್ಕ ಅಂಜಿ, ಅವನ ಮಾರಿ ನೋಡಕೋತ ಕುದುರಿ ಓಡಿಸಿದೆ. ನನ್ನ ಕುದುರಿ ಬಸಪ್ಪನನ್ನ ಬಂಡೆಗಲ್ಲಿಗೆ ಒತ್ತಿತು. ಅವ ಬಿದ್ದು ಅಲ್ಲೇ ಸತ್ತ.

ಆ ಹರಾಮಿ ಜಮಾದಾರ ದಫ್ತರದಾಗ ಏನು ಬರಿಸಿದ ಗೊತ್ತೇನ್ರಿ? ಬಸಪ್ಪನ ಕುದುರಿ ಚಂದ್ರಿ ಬೆದರಿ ಸವಾರನ್ನ ಕೆಡವಿತು, ಅದು ಖೋಡಿ ಕುದುರಿ, ನಾಳೆ ಕವಾಯತು ಮುಗಿದ ಮ್ಯಾಲ ಗುಂಡು ಹೊಡದು ಕೊಲ್ರಿ ಅಂತ. ತನ್ನ ತಪ್ಪನ್ನ ಮೂಕ ಜೀವದ ತಲಿಗೆ ಕಟ್ಟಿದ!

ಸಂಜಿಮುಂದ ಬಸಪ್ಪನ ಹೆಂಡತಿ ಗಂಗವ್ವ ನನ್ನ ಕಡೆ ಬಂದಳು. "ಅಣ್ಣಾ, ಮರಿ ಇದ್ದಾಗಿಂದ ಅದನ್ನ ನಾವ ಜ್ವಾಪಾನ ಮಾಡೀವಿ. ಎಂದೂ ಬೆದರಿದ್ದಲ್ಲ. ನೀ ಬಾಜೂಕ ಇದ್ದಿ, ನೀ ಹೇಳಿದ್ರ ಕೇಳ್ತಾರ. ಅವರಂತೂ ಹೋದ್ರು, ಅದಾದ್ರೂ ಉಳೀಲಿ," ಅಂದಳು.

"ಹೇಳ್ತೀನವ್ವಾ," ಅಂದೆ.

ಮರುದಿನ ನಾವು ಏಳು ಮಂದಿ. ಚಂದ್ರಿನ್ನ ಬೇವಿನ ಗಿಡದ ಹತ್ರ ಗೂಟಕ್ಕ ಕಟ್ಟಿದ್ರು. ತಾ ಹೇಳಿದ್ದ ಸರಿ ಅಂತ ತೋರಸಾಕ ಜಮಾದಾರ ಮತ್ತ ಅದ ಜಾಗದಾಗ ಅದ ಹುಕುಂ ಕೊಟ್ಟ. ಸಾಲು ಹೊಳ್ಳಾಕ ಹತ್ತಿದ್ದ ತಡ, ಚಂದ್ರಿ ಗೂಟ ಕಿತ್ತುಕೊಂಡು ಬಂದು ನನ್ನ ಎಡಕ್ಕ, ತನ್ನ ಜಾಗದಾಗ ಓಡಾಕ ಹತ್ತಿತು. ಇದರಾಗ ವಿಚಿತ್ರ ಏನಿಲ್ರಿ. ಪಳಗಿದ ಕುದುರಿ ಸಾಲು ಕಂಡ್ರ ಹಂಗ ಬರತೈತಿ.

ಆದ್ರ ನನ್ನ ಎಡ ಮೊಣಕಾಲಿಗೆ ಬಡೀತು. ಎರಡು ಸಲ. ಕುದುರಿ ಹೊಟ್ಟಿ ತಾಕಿದ್ರ ಮೆತ್ತಗಿರತೈತಿ. ಇದು ಎಲುಬು. ಹೊರಳಿ ನೋಡಿದೆ, ಚಂದ್ರಿ ಬೆನ್ನ ಮ್ಯಾಲ ಜೀನು ಸೈತ ಇರಲಿಲ್ಲ. ನೋಡ್ತಿದ್ದಂಗನ ಮತ್ತೆರಡು ಸಲ ಬಡೀತು. ಲಗಾಮು ಜಗ್ಗಿದೆ. ಸಾಲು ಮುರೀತು. ಚಂದ್ರಿ ಬಂಡೆಗಲ್ಲಿಗೆ ಒಂದು ಮಾರು ದೂರದಾಗ ನಿಂತಿತ್ತು.

ಜಮಾದಾರ ಚಾಬೂಕು ಹಿಡಕೊಂಡು ಬಂದ. "ಯಾಕ ನಿಂತ್ಯೋ? ಯಾರ ಹುಕುಂ ಅದು?"

ಹೇಳಬೇಕಾದದ್ದು ಆವಾಗ. ಬಸಪ್ಪ ನಿನ್ನೆ ತಡಿ ಅಂದಿದ್ದ, ನಾ ತಡೀಲಿಲ್ಲ, ಕುದುರಿ ತಪ್ಪಿಲ್ಲ ಅಂತ. ಇಷ್ಟ ಮಾತು. ನನ್ನ ಬಾಯಾಗ ಮಣ್ಣು ಬೀಳಲಿ, ನಾ ಅಂದದ್ದು ಏನಂದ್ರ: "ಚಂದ್ರಿ ಬೆದರಿ ಮೈಮ್ಯಾಲ ಬಂತ್ರಿ, ಸಾಹೇಬ್ರ."

ನಮ್ಮೆದುರಿಗೇ ಚಂದ್ರಿಗೆ ಗುಂಡು ಹೊಡದ್ರು.

ಆ ಮೊಣಕಾಲು ಯಾರದಂತ ನನಗ ಇವತ್ತಿಗೂ ತಿಳಿದಿಲ್ಲ. ಬಸಪ್ಪಂದೋ, ನನ್ನ ಅಂಜಿಕಿದೋ, ದೇವರ ಬಲ್ಲ. ಜಮಾದಾರನ ಮ್ಯಾಲಿನ ಸಿಟ್ಟು ಆರಿಲ್ಲ. ನನ್ನ ಮ್ಯಾಲಿನದು ಅದಕ್ಕೂ ದೊಡ್ಡದು.

ಆ ದಿನ ಮಧ್ಯಾಹ್ನ ಗಂಗವ್ವ ಬಂದು ಚಂದ್ರಿ ಮಾರಿ ಸವರಿಕೋತ ಭಾಳೊತ್ತು ಕುಂತಳು. ಆಮ್ಯಾಲ ನನ್ನ ಕಡೆ ಬಂದು, "ಅದರ ತಪ್ಪಿಲ್ಲಂತ ಹೇಳಿದ್ಯಲ್ಲಣ್ಣಾ?" ಅಂತ ಕೇಳಿದಳು.

"ಹೇಳಿದ್ನವ್ವಾ, ಅವರು ಕೇಳಲಿಲ್ಲ," ಅಂದೆ.

ಆಕಿ ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.